ಬ್ರಿಟ್ಟಾಳ ಬೆರಳು

"ಆ ಟ್ರಕ್ಕನ್ನ ರಿಪೇರಿ ಮಾಡಿಬಿಡು," ಎಂದಳು ಮುದುಕಿ ಐಲೀನ್, ಏಲಕ್ಕಿ ಬ್ರೆಡ್ಡಿನ ತುಂಡನ್ನು ಕಾಫಿಯಲ್ಲಿ ಅದ್ದುತ್ತಾ. ನಾಳೆ ಬಿಸಿಲು ಬರಬಹುದು ಎನ್ನುವಷ್ಟೇ ಸಲೀಸಾಗಿ ಎಂದಳು.

ಅಳಿಯ ಕರ್ಟ್ ಲಾಹ್ತಿಯ ಕೈಯಲ್ಲಿದ್ದ ಬೆಣ್ಣೆಚಾಕು ಅಲ್ಲೇ ನಿಂತಿತು. ಏಳು ತಿಂಗಳಿಂದ ಆ ಮನೆಯಲ್ಲಿ ಯಾರೂ ಟ್ರಕ್ಕಿನ ಹೆಸರೆತ್ತಿರಲಿಲ್ಲ. ಅದು ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಹೆಂಡತಿ ನೊರೀನ್ ಕಾರಿನಿಂದ ಇಳಿಯುವಾಗ ಆ ಮೂಲೆಯ ಕಡೆ ನೋಡದೆ ಇಳಿಯುವುದನ್ನು ರೂಢಿ ಮಾಡಿಕೊಂಡಿದ್ದಳು.

"ಈಗ ಯಾಕತ್ತೆ ಅದು?"

"ಯಾಕೆ ಅಂದ್ರೆ? ಹಿಮ ಕರಗ್ತಾ ಇದೆ. ನನ್ನ ಸೊಂಟಕ್ಕೆ ಉಕ್ಕಿನ ಮೊಳೆ ಹೊಡೆದು ನಿಲ್ಸಿದ್ದಾರೆ. ಎಪ್ಪತ್ತಾರು ವರ್ಷದ ನನ್ನನ್ನೇ ರಿಪೇರಿ ಮಾಡಿದ ಮೇಲೆ ಆ ಗಾಡಿಗೇನು ಧಾಡಿ?" ಮುದುಕಿ ಮಹಡಿಯ ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಮಗೂನ ನೋಡು. ನನ್ನ ಗಾಲಿಕುರ್ಚಿ ಸ್ವಲ್ಪ ತಳ್ಳೇ ಅಂದ್ರೆ ತಳ್ಳಲ್ಲ. 'ಜೋರಾಗಿ ತಳ್ಳಿಬಿಟ್ರೆ ಮುಮ್ಮು?' ಅಂತಾಳೆ. ಹತ್ತು ವರ್ಷದ ಹುಡುಗಿ ತನ್ನ ಕೈಗೆ ತಾನೇ ಹೆದರೋದನ್ನ ನನ್ನಿಂದ ನೋಡಕ್ಕಾಗಲ್ಲ. ಆ ಗಾಡೀನ ಸರಿಮಾಡಿ ಮತ್ತೆ ಅವಳ ಕೈಗೇ ಕೊಡು."

ದೊಡ್ಡ ಸರೋವರದ ಆ ಕಡೆಗೆ ವಲಸೆ ಬಂದ ಫಿನ್ನಿಶ್ ಮನೆತನಗಳಲ್ಲಿ ಅಜ್ಜಿಯನ್ನು ಮುಮ್ಮು ಎಂದೇ ಕರೆಯುವುದು. ಮೊಮ್ಮಗಳು ಬ್ರಿಟ್ಟಾಳಿಗೆ ಮುಮ್ಮು ಎಂದರೆ ಜೀವ. ಆ ಮುಮ್ಮುವಿನ ಸೊಂಟ ಮುರಿದದ್ದು ತನ್ನಿಂದ ಎಂದು ಆ ಹುಡುಗಿ ನಂಬಿದ್ದಳು. ಮನೆಯವರೆಲ್ಲ ನಂಬಿದ್ದರು. ಕರ್ಟ್ ಕೂಡ ನಂಬಿದ್ದ, ಆ ಟ್ರಕ್ಕಿನ ರಿಪೇರಿ ಮುಗಿಯುವವರೆಗೆ.

ಟ್ರಕ್ಕು ಅಂದರೆ ನಿಜವಾದ ಟ್ರಕ್ಕಲ್ಲ. ರಿಮೋಟಿನ ಟ್ರಿಗರ್ ಎಂಬ ಕೀಲನ್ನು ಬೆರಳಿನಿಂದ ಎಳೆದರೆ ಓಡುವ, ಬಿಟ್ಟರೆ ನಿಲ್ಲುವಂಥದು, ಮೈಗಿಂತ ಚಕ್ರವೇ ದೊಡ್ಡದಾದ ಮಾನ್‌ಸ್ಟರ್ ಟ್ರಕ್ಕು. ಆಟದ ಸಾಮಾನು ಅಂತ ಹಗುರಾಗಿ ನೋಡುವ ಹಾಗಿರಲಿಲ್ಲ. ಹನ್ನೊಂದು ಪೌಂಡು ತೂಕ. ಪೂರಾ ಎಳೆದರೆ ಗಂಟೆಗೆ ಮೂವತ್ತು ಮೈಲಿ ಓಡುತ್ತಿತ್ತು. ಕರ್ಟ್ ಅದನ್ನು ಕೊಂಡು ನಾಲ್ಕು ವರ್ಷವಾಗಿತ್ತು, ಆದರೆ ಅದರಲ್ಲಿ ಎಲ್ಲರ ಕೈಯೂ ಇತ್ತು. ನೊರೀನ್ ಮೇಲಿನ ಚಿಪ್ಪಿಗೆ ಕೆಂಪು ಬಣ್ಣ ಬಳಿದಿದ್ದಳು. ಅವಳ ತಮ್ಮ ಗಾರ್ಡಿ ದಪ್ಪ ಟೈರು ತಂದುಕೊಟ್ಟಿದ್ದ. ಮುಮ್ಮು ಹಳೇ ಕಾಲುಚೀಲದಿಂದ ಒಬ್ಬ ಪುಟ್ಟ ಚಾಲಕನನ್ನು ಹೊಲಿದು, ಉಣ್ಣೆ ಟೋಪಿ ಹಾಕಿ, ಎಯ್ನೊ ಎಂದು ಹೆಸರಿಟ್ಟು ಗಾಡಿಯ ಕಿಟಕಿಯ ಪಕ್ಕ ಕೂರಿಸಿದ್ದಳು. ಭಾನುವಾರ ಎಲ್ಲರೂ ಸೌನಾದಲ್ಲಿ, ಅಂದರೆ ಹಿತ್ತಿಲ ಬಿಸಿಹಬೆಯ ಕೋಣೆಯಲ್ಲಿ, ಬೆವರು ಹರಿಸಿ ಹೊರಗೆ ಬಂದ ಮೇಲೆ ಹಿತ್ತಿಲಲ್ಲಿ ಆಟ. ಒಬ್ಬೊಬ್ಬರಿಗೆ ಒಂದೊಂದು ಬ್ಯಾಟರಿ ಮುಗಿಯುವ ತನಕ ಸರದಿ. ಯಾರು ಹೆಚ್ಚು ಸಲ ಮಗುಚಿಹಾಕುತ್ತಾರೋ ಅವರು ಕಾಫಿ ಲೋಟ ತೊಳೆಯಬೇಕು. ಲೋಟ ತೊಳೆಯುವವಳು ಹೆಚ್ಚಾಗಿ ಮುಮ್ಮುವೇ. ಅವಳಿಗೆ ಗಾಡಿಯನ್ನು ಹಾರಿಸದೆ ಸಮಾಧಾನವೇ ಇರುತ್ತಿರಲಿಲ್ಲ.

ಕಳೆದ ಸೆಪ್ಟೆಂಬರಿನ ಕಡೆಯ ಭಾನುವಾರ ಬ್ರಿಟ್ಟಾಳ ಸರದಿ. ಮುಮ್ಮು ಬ್ರೆಡ್ಡಿನ ತಟ್ಟೆ ಹಿಡಿದು ಮನೆಯಿಂದ ಸೌನಾದ ಕಡೆ ಕಲ್ಲುಹಾಸಿನ ಮೇಲೆ ಬರುತ್ತಿದ್ದಳು. ಹಿತ್ತಿಲ ಆ ತುದಿಯಲ್ಲಿದ್ದ ಟ್ರಕ್ಕು ಇದ್ದಕ್ಕಿದ್ದ ಹಾಗೆ ಮೂಗುದಾರ ಕಿತ್ತುಕೊಂಡ ಹೋರಿಯ ಹಾಗೆ ನುಗ್ಗಿತು.

"ಬಿಡು! ಟ್ರಿಗರ್ ಬಿಡು!" ಎಂದು ಕರ್ಟ್ ಕೂಗಿದ.

"ಬಿಟ್ಟಿದೀನಿ ಅಪ್ಪಾ! ಬಿಟ್ಟಿದೀನಿ!"

"ಬಿಟ್ಟಿದ್ರೆ ಹೇಗೆ ಓಡ್ತಿದೆ? ಬಿಡೇ!"

ಮೂರನೆಯ ಕಲ್ಲಿನ ಮೇಲೆ ಅದು ಮುಮ್ಮುವಿನ ಮುಂಗಾಲಿಗೆ ಬಡಿಯಿತು. ಮುದುಕಿ ಬಿದ್ದಳು. ಟ್ರಕ್ಕು ನಿಲ್ಲದೆ ಹೋಗಿ ಸೌನಾದ ಸಿಮೆಂಟು ಮೆಟ್ಟಿಲಿಗೆ ಅಪ್ಪಳಿಸಿ ಮುರಿದುಬಿತ್ತು. ಬ್ರಿಟ್ಟಾ ಕೈಯಲ್ಲಿದ್ದ ರಿಮೋಟನ್ನು ನೆಲಕ್ಕೆ ಬೀಳಿಸಿ, ಬಾಯಿ ತೆರೆದುಕೊಂಡು ನಿಂತಿದ್ದಳು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕರ್ಟ್ ಅವಳನ್ನು ಪಕ್ಕಕ್ಕೆ ಎಳೆದುಕೊಂಡು ಹೇಳಿದ್ದ: "ಗಾಬರಿಯಾದಾಗ ಬೆರಳು ತಾನಾಗೇ ಬಿಗಿಯತ್ತೆ ಪುಟ್ಟಾ. ಬಿಟ್ಟೆ ಅಂತ ಅನ್ಸತ್ತೆ, ಬಿಟ್ಟಿರಲ್ಲ. ದೊಡ್ಡೋರಿಗೂ ಆಗತ್ತೆ. ನಿನ್ನ ಮೇಲೆ ಯಾರಿಗೂ ಕೋಪ ಇಲ್ಲ."

"ನಾನು ಬಿಟ್ಟಿದ್ದೆ," ಎಂದಿದ್ದಳು ಆಗ. ಮೂರು ದಿನ ಅದನ್ನೇ ಹೇಳಿದಳು. ನಾಲ್ಕನೆಯ ದಿನ ಹೇಳಲಿಲ್ಲ. ಆಮೇಲೆ ಮುಮ್ಮುವಿಗೆ ಗೆರೆ ಹಾಕಿದ ಹಾಳೆಯಲ್ಲಿ ಒಂದು ಪತ್ರ ಬರೆದಳು. ಮುಮ್ಮು, ನನ್ನ ಬೆರಳು ಬಿಡಲಿಲ್ಲ, ನನ್ನನ್ನು ಕ್ಷಮಿಸು. ಅವತ್ತಿನಿಂದ ಉಪ್ಪು ಕೊಡುವುದಕ್ಕೂ ಬಾಗಿಲು ತೆರೆಯುವುದಕ್ಕೂ ಎಡಗೈ. ಬಲಗೈ ಜೇಬಿನಲ್ಲಿ, ಇಲ್ಲವೇ ತೊಡೆಯ ಕೆಳಗೆ.

*

ಕರ್ಟ್ ಜಿಲ್ಲೆಯ ರಸ್ತೆ ಇಲಾಖೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಹಿಮ ತಳ್ಳುವ ದೊಡ್ಡ ಗಾಡಿಗಳು ಅವನು ಬ್ರೇಕು ನೋಡಿ ಆಗಲಿ ಅಂದ ಮೇಲೇ ರಸ್ತೆಗಿಳಿಯುವುದು. ಅಂಥವನಿಗೆ ಈ ಗಾಡಿ ಎಷ್ಟರದು? ಟಾರ್ಪಾಲು ಎತ್ತಿದ. ಮುಂದಿನ ಚಕ್ರಗಳನ್ನು ಹಿಡಿದಿದ್ದ ಎರಡು ತೋಳು ಮುರಿದಿದ್ದವು. ಒಂದು ಸ್ಪ್ರಿಂಗು ಬಾಗಿತ್ತು. ದೊಡ್ಡ ಗೇರಿನ ಹಲ್ಲುಗಳು ಉದುರಿ ಮುದುಕನ ಬಾಯಿಯಾಗಿತ್ತು. ಎಯ್ನೊನ ತಲೆ ಒಂದು ದಾರದಲ್ಲಿ ನೇತಾಡುತ್ತಿತ್ತು. ಕರ್ಟ್ ಅದನ್ನು ಬಿಡಿಸಿ ಅತ್ತೆಯ ಕೈಗೆ ಕೊಟ್ಟ. ಅವಳು ಕನ್ನಡಕ ಏರಿಸಿ, "ಅಯ್ಯೋ ಎಯ್ನೊ, ನನಗೆ ಸೊಂಟ, ನಿನಗೆ ಕತ್ತೇ ಹೋಯ್ತೇನೋ. ಬಾ, ಹೊಲೀತೀನಿ," ಎಂದಳು.

ಬ್ರಿಟ್ಟಾ ಅಲ್ಲೇ ಇದ್ದಳು. ಮುಮ್ಮು ಅವಳನ್ನು ನಗಿಸಲೆಂದು, "ನೋಡು, ತಪ್ಪೆಲ್ಲಾ ಇವನದೇ. ಸ್ಟೀರಿಂಗ್ ಹಿಡಿದಿದ್ದೋನು ಇವನು ತಾನೇ?" ಎಂದಳು.

"ಎಯ್ನೊಗೆ ಬೆರಳಿಲ್ಲ ಮುಮ್ಮು. ನನಗಿದೆ," ಎಂದು ಬ್ರಿಟ್ಟಾ ಮೇಲೆ ಹೋದಳು.

ಪ್ಲಾಸ್ಟಿಕ್ ತೋಳಿನ ಬದಲು ಅಲ್ಯುಮಿನಿಯಂ ತೋಳು ತರಿಸಿದ. ಗೇರು ಉಕ್ಕಿನದು. ಹೊಸ ಗೇರು ಕೂರಿಸುವಾಗ ಚರ್ಚಿನ ಭಾನುವಾರದ ಹಾಳೆಯಿಂದ ಒಂದು ಪಟ್ಟಿ ಹರಿದು ಎರಡು ಗೇರುಗಳ ಹಲ್ಲಿನ ನಡುವೆ ತೂರಿಸಿ, ತಿರುಪು ಬಿಗಿದು, ಪಟ್ಟಿಯನ್ನು ಎಳೆದು ತೆಗೆದ. ಕಾಗದ ಬಿಟ್ಟುಹೋದ ಸಂದೇ ಗೇರಿಗೆ ಬೇಕಾದ ಸಂದು. ತೀರ ಒತ್ತಿದರೆ ಹಲ್ಲು ಸವೆಯುತ್ತದೆ, ಸಡಿಲಬಿಟ್ಟರೆ ಉದುರುತ್ತದೆ. ಇಂಥ ಕೆಲಸದಲ್ಲಿ ಅವನ ಕೈ ತಪ್ಪಿದ್ದಿಲ್ಲ. ಬೆಂಚಿನ ಮೇಲಿನ ಗೋಡೆಯಲ್ಲಿ ಅವನದೇ ಕೈಬರಹದ ಹಲಗೆ ಇತ್ತು: ರಿಮೋಟು ಮೊದಲು ಹಚ್ಚಿ, ರಿಮೋಟು ಕೊನೆಗೆ ಆರಿಸಿ. ಗಾಡಿ ಎಚ್ಚರವಾಗಿರುವಾಗ ರಿಮೋಟು ನಿದ್ದೆ ಹೋಗಬಾರದು ಎಂದು ಮಗಳಿಗೆ ಅವನೇ ಪಾಠ ಹೇಳಿದ್ದ.

ಮೇ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಜೋಡಣೆ ಮುಗಿಯಿತು. ಟ್ರಕ್ಕನ್ನು ಕಾಫಿ ಡಬ್ಬದ ಮೇಲೆ, ಚಕ್ರಗಳು ಗಾಳಿಯಲ್ಲಿರುವ ಹಾಗೆ ಕೂರಿಸಿದ. ರಿಮೋಟು ಹಚ್ಚಿದ, ಗಾಡಿ ಹಚ್ಚಿದ. ಟ್ರಿಗರ್ ಎಳೆದ, ಚಕ್ರ ತಿರುಗಿತು. ಬಿಟ್ಟ, ನಿಂತಿತು. ಭೇಷ್ ಎಂದು ತಾನೇ ತಲೆದೂಗಿ, ಒಂದು ತಿರುಪು ತೆಗೆದುಕೊಳ್ಳಲು ತಿರುಗಿದಾಗ ಮೊಣಕೈ ತಗುಲಿ ರಿಮೋಟು ಬೆಂಚಿನಿಂದ ಬಿತ್ತು. ಮುಚ್ಚಳ ಕಳಚಿ ಸೆಲ್ಲುಗಳು ಉರುಳಿದವು.

ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ನಾಲ್ಕು ಚಕ್ರವೂ ಕಿರುಚಿಕೊಂಡವು.

ಯಾರೂ ಟ್ರಿಗರ್ ಎಳೆದಿರಲಿಲ್ಲ. ರಿಮೋಟು ಸತ್ತು ನೆಲದ ಮೇಲೆ ಬಿದ್ದಿತ್ತು. ಟ್ರಕ್ಕು ಮಾತ್ರ ಡಬ್ಬದ ಮೇಲೆ ನಡುಗುತ್ತಾ ಪೂರಾ ವೇಗದಲ್ಲಿ ಓಡುತ್ತಿತ್ತು. ಕರ್ಟ್ ಅದನ್ನು ನೋಡುತ್ತಾ ನಿಂತೇ ಇದ್ದ. ಕೊನೆಗೆ ಬ್ಯಾಟರಿಯ ತಂತಿ ಕಿತ್ತ.

ಒಂದೊಂದಾಗಿ ಎಲ್ಲಾ ನೆನಪಿಗೆ ಬಂತು.

ಆ ಶನಿವಾರ, ಅಪಘಾತದ ಹಿಂದಿನ ದಿನ, ಹಳೆಯದರ ಸೆಲ್ಲುಗಳನ್ನೇ ಹಾಕಿ ಹೊಸ ರಿಮೋಟು ಜೋಡಿಸಿದ್ದ. ಹಳೆಯದಕ್ಕಿಂತ ಇದರ ದನಿ ದೂರ ಕೇಳುತ್ತದೆ ಎಂದು. ಹೊಸ ರಿಮೋಟಿಗೂ ಗಾಡಿಯೊಳಗಿನ ಪುಟ್ಟ ಪೆಟ್ಟಿಗೆಗೂ ಒಮ್ಮೆ ಪರಿಚಯ ಮಾಡಿಸಬೇಕು. ಪೆಟ್ಟಿಗೆಯ ಗುಂಡಿಯನ್ನು ಪೆನ್ನಿನ ತುದಿಯಿಂದ ಒತ್ತಿ ಹಿಡಿದರೆ ಪರಿಚಯವಾಗುತ್ತದೆ. ಆ ಗಳಿಗೆಯಲ್ಲಿ ಟ್ರಿಗರ್ ಹೇಗಿರುತ್ತದೋ ಪೆಟ್ಟಿಗೆ ಅದನ್ನೇ ನೆನಪಿಟ್ಟುಕೊಳ್ಳುತ್ತದೆ: ಯಜಮಾನನ ದನಿ ಕೇಳದೆ ಹೋದಾಗ ಹೀಗೆ ಮಾಡಬೇಕು ಎಂದು. ಟ್ರಿಗರ್ ಸುಮ್ಮನಿದ್ದರೆ ಗಾಡಿ ಸುಮ್ಮನಾಗುತ್ತದೆ. ಒಂದು ಕೈಯಲ್ಲಿ ಗಾಡಿ, ಇನ್ನೊಂದರಲ್ಲಿ ಪೆನ್ನು ಹಿಡಿದಿದ್ದ ಕರ್ಟ್ ರಿಮೋಟನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡಿದ್ದ. ಮೊಣಕಾಲು ಟ್ರಿಗರನ್ನು ಒತ್ತಿತ್ತು.

ಆಮೇಲೆ ಗಾಡಿಯನ್ನು ಎತ್ತಿಟ್ಟು ರಿಮೋಟು ಆರಿಸಿ ನೋಡಬೇಕಿತ್ತು. ನೋಡುವುದು ಎಷ್ಟು ಹೊತ್ತಿನ ಕೆಲಸ? ಅಷ್ಟರಲ್ಲಿ ನೊರೀನ್, "ಊಟಕ್ಕೆ ಬರ್ತೀಯೋ ಇಲ್ಲಾ ಅಲ್ಲೇ ಗ್ರೀಸು ತಿಂತೀಯೋ?" ಎಂದು ಕೂಗಿದ್ದಳು. ಅವನು ಎದ್ದು ಹೋಗಿದ್ದ. ಮೊದಲು ಹಚ್ಚು, ಕೊನೆಗೆ ಆರಿಸು ಎಂಬ ನೇಮ ಪಾಲಿಸುವ ಮನೆಯಲ್ಲಿ ಗಾಡಿ ಎಚ್ಚರವಿರುವಾಗ ರಿಮೋಟು ಆರುವ ಪ್ರಸಂಗವೇ ಬರಲಿಲ್ಲ. ಮರುದಿನ ಆಟದ ನಡುವೆ ಸೆಲ್ಲು ಸಾಯುವವರೆಗೆ.

ಇನ್ನೂ ಒಂದಿತ್ತು. ಅದು ನೆನಪಾದಾಗ ಕರ್ಟ್ ಗ್ಯಾರೇಜಿನ ನೆಲದ ಮೇಲೆ ಕುಳಿತುಬಿಟ್ಟ. ಆ ಭಾನುವಾರ ಬ್ರಿಟ್ಟಾ ಸರದಿ ತೆಗೆದುಕೊಳ್ಳುವಾಗ, "ಅಪ್ಪಾ, ರಿಮೋಟಲ್ಲಿ ಕೆಂಪು ದೀಪ ಮಿಟುಕ್ತಾ ಇದೆ," ಎಂದಿದ್ದಳು. ಸೆಲ್ಲು ಸಾಯುತ್ತಿದೆ ಎಂದು ಅದರ ಅರ್ಥ. ಕರ್ಟ್ ಬಿಯರಿನ ಮುಚ್ಚಳ ತೆಗೆಯುತ್ತಾ ಹೇಳಿದ್ದ: "ಇನ್ನೈದು ನಿಮಿಷ ಬರತ್ತೆ, ಓಡ್ಸು."

ಹುಡುಗಿ ಬಿಟ್ಟಿದ್ದಳು. ಅವಳ ಬೆರಳು ಬಿಟ್ಟಿತ್ತು. ತಪ್ಪೇ ಮಾಡದವಳನ್ನು ಅವನು ಏಳು ತಿಂಗಳು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದ.

ನೆಲದಿಂದೆದ್ದು ಅವನು ಮೊದಲು ಮಾಡಿದ ಕೆಲಸ ಮಗಳ ಹತ್ತಿರ ಹೋದದ್ದಲ್ಲ. ಗಾಡಿಯ ತಂತಿ ಮತ್ತೆ ಸಿಕ್ಕಿಸಿ, ರಿಮೋಟಿಗೆ ಸೆಲ್ಲು ಹಾಕಿ, ಬೆಂಚಿನ ಮೇಲೆ ನೆಟ್ಟಗಿಟ್ಟು, ಟ್ರಿಗರ್ ಮುಟ್ಟದೆ, ಪೆಟ್ಟಿಗೆಗೆ ಮತ್ತೆ ಪರಿಚಯ ಮಾಡಿಸಿದ. ಐದು ಸೆಕೆಂಡು. ಆರಿಸಿ ನೋಡಿದ. ಚಕ್ರ ಅಲುಗಲಿಲ್ಲ. ಇನ್ನು ಆ ತಪ್ಪಿಗೆ ಅವನೊಬ್ಬನೇ ಸಾಕ್ಷಿ.

*

ನಾಳೆ ಹೇಳೋಣ ಎಂದುಕೊಂಡ. ಮರುದಿನ ನೊರೀನ್ ತಾಯಿಗೆ ಸ್ನಾನ ಮಾಡಿಸಿ ತನ್ನ ಸೊಂಟ ಹಿಡಿದುಕೊಂಡು ಹೊರಗೆ ಬಂದಳು. ಏಳು ತಿಂಗಳಿಂದ ದಿನಾ ಅದೇ ಕೆಲಸ. ಅದಕ್ಕಾಗಿ ಬೇಕರಿಯ ಕೆಲಸವನ್ನು ಅರ್ಧ ಹೊತ್ತಿಗೆ ಇಳಿಸಿಕೊಂಡಿದ್ದಳು. ಆ ಮುಖ ನೋಡಿ ಕರ್ಟ್‌ನ ಕಾಲು ಗ್ಯಾರೇಜಿನ ಕಡೆ ತಿರುಗಿತು. ಹೇಳಬೇಕಾದ ಮಾತಿನ ಬದಲು ಅವನು ಗಾಡಿಗೆ ದಿನಕ್ಕೊಂದು ಹೊಸ ಭಾಗ ಹಾಕತೊಡಗಿದ. ಎಣ್ಣೆ ತುಂಬಿದ ಹೊಸ ಸ್ಪ್ರಿಂಗು. ನೀರು ತಗುಲದ ಮೋಟರು. ಮಗುಚಿದರೂ ಮುರಿಯದ ಮುಂಗಂಬಿ. ಟ್ರಕ್ಕು ಮದುವಣಗಿತ್ತಿಯ ಹಾಗೆ ಹೊಳೆಯಿತು.

ಮುಂದಿನ ಭಾನುವಾರ ಗಾರ್ಡಿ ಒಂದು ಚೀಲದ ತುಂಬ ಬಿಸಿ ಪ್ಯಾಸ್ಟಿ ತಂದ. ಒಳಗೆ ಮಾಂಸ, ಆಲೂಗೆಡ್ಡೆ ಹೂರಣ ತುಂಬಿ ಸುಟ್ಟ ಕಡುಬು ಅದು. ಎಲ್ಲರೂ ಮೇಜಿಗೆ ಕೂತರು.

"ಏನೇ ಕಬ್ಬಿಣದ ಬೆರಳು," ಎಂದ ಗಾರ್ಡಿ ಬ್ರಿಟ್ಟಾಳಿಗೆ. "ಉಪ್ಪಿನ ಡಬ್ಬಿ ಈ ಕಡೆ ದಾಟ್ಸು. ಮೆಲ್ಲಗೆ, ಮೆಲ್ಲಗೆ! ನನಗಿರೋದು ಇದೊಂದೇ ಸೊಂಟ."

"ಗಾರ್ಡಿ, ಸಾಕು," ಎಂದಳು ನೊರೀನ್.

"ತಮಾಷೆ ಕಣಕ್ಕ. ಅವಳಿಗೇನು ಗೊತ್ತಾಗಲ್ವಾ? ಏನೇ?"

ಬ್ರಿಟ್ಟಾ ತುಟಿಯಲ್ಲಿ ಮಾತ್ರ ನಕ್ಕು, ಎಡಗೈಯಿಂದ ಉಪ್ಪು ಸರಿಸಿದಳು. ಬಲಗೈ ತೊಡೆಯ ಕೆಳಗೆ ಇತ್ತು.

"ಅದೆಲ್ಲಾ ಆಗಿಹೋದ ಕತೆ," ಎಂದಳು ನೊರೀನ್, ಮಗಳ ಕೂದಲು ಸವರುತ್ತಾ. "ಎಲ್ಲರೂ ಯಾವತ್ತೋ ಕ್ಷಮಿಸಿಬಿಟ್ಟಿದ್ದೀವಿ. ಅಲ್ವಾ ಕರ್ಟ್?"

ಕರ್ಟ್ ಬಾಯಿ ತೆರೆದ. "ಅದು…"

"ಏನು?"

ನಾಲ್ಕು ಮುಖ ಅವನ ಕಡೆ ತಿರುಗಿದವು.

"ಅದು… ಕೆಚಪ್ ಈ ಕಡೆ ಕೊಡಿ."

ಮುದುಕಿ ಅವನನ್ನೇ ನೋಡುತ್ತಿದ್ದಳು. "ಅಳಿಯಂದಿರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ."

"ಗೆಡ್ಡೆ ಬಿಸಿ ಇತ್ತು ಅಷ್ಟೇ ಅತ್ತೆ."

"ಹಾಗಿದ್ರೆ ನುಂಗು, ಇಲ್ಲಾ ಉಗಿ. ಅಲ್ಲೇ ಇಟ್ಕೊಂಡು ಎಷ್ಟು ದಿನ ಕೂತಿರ್ತೀಯ?"

ಅವಳಿಗೆ ಏನು ಗೊತ್ತಿತ್ತೋ ಏನಿಲ್ಲವೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕರ್ಟ್‌ನ ಕಿವಿ ಬಿಸಿಯಾಯಿತು. ಆ ಮಧ್ಯಾಹ್ನ ಮೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ತಿಂದವನು ಅವನೇ. ತಿನ್ನುತ್ತಿರುವವನನ್ನು ಯಾರೂ ಮಾತಾಡಿಸುವುದಿಲ್ಲ.

*

ಮೇ ತಿಂಗಳ ನಾಲ್ಕನೆಯ ಭಾನುವಾರದ ಹೊತ್ತಿಗೆ ಹಿತ್ತಿಲು ಒಣಗಿತು. ಸೌನಾದ ನೆರಳಿನಲ್ಲಿ ಮಾತ್ರ ಕೊಳೆ ಬಣ್ಣದ ಒಂದು ಗುಡ್ಡೆ ಹಿಮ ಉಳಿದಿತ್ತು. ದೊಡ್ಡ ಸರೋವರದ ಕಡೆಯಿಂದ ತಣ್ಣನೆಯ ಗಾಳಿ. ನೊರೀನ್ ತಾಯಿಗೆ ಕಂಬಳಿ ಹೊದಿಸಿ ಜಗಲಿಯಲ್ಲಿ ಕೂರಿಸಿದಳು. ಹೊಸ ಕತ್ತಿನ ಎಯ್ನೊ ಟ್ರಕ್ಕಿನಲ್ಲಿ ಕೂತ. ಗಾರ್ಡಿ ಒಂದು ಬ್ಯಾಟರಿ ಓಡಿಸಿ ಎರಡು ಸಲ ಮಗುಚಿದ. ನೊರೀನ್ ಒಂದು ಸಲವೂ ಮಗುಚದೆ ಅವನನ್ನು ಅಣಕಿಸಿದಳು. ಮನೆಗೆ ಹಳೆಯ ಭಾನುವಾರ ಹಿಂತಿರುಗಿದ ಹಾಗೇ ಕಾಣಿಸಿತು. ಬ್ರಿಟ್ಟಾ ಮಾತ್ರ ಅಡುಗೆಮನೆಯ ಕಿಟಕಿಯ ಹಿಂದೆ ನಿಂತಿದ್ದಳು.

"ಹೋಗಿ ಕರ್ಕೊಂಡು ಬಾ," ಎಂದಳು ಮುಮ್ಮು ಕರ್ಟ್‌ಗೆ. "ನಾನು ಈ ಗಾಡಿ ಮಾಡ್ಸಿದ್ದು ಗಾರ್ಡಿ ಕುಣೀಲಿ ಅಂತಲ್ಲ."

ಕರ್ಟ್ ಒಳಗೆ ಹೋದ. ರಿಮೋಟು ಮುಂದಕ್ಕೆ ಹಿಡಿದ.

"ನಿನ್ನ ಸರದಿ ಪುಟ್ಟಾ."

"ಬೇಡ ಅಪ್ಪಾ."

"ವೇಗ ಅರ್ಧಕ್ಕೆ ಇಳ್ಸಿದ್ದೀನಿ. ಹೊಸ ಗೇರು, ಹೊಸ ಸ್ಪ್ರಿಂಗು, ಎಲ್ಲಾ ಹೊಸದು. ಏನೂ ಆಗಲ್ಲ."

"ಗಾಡಿ ಹೊಸದು," ಎಂದಳು ಬ್ರಿಟ್ಟಾ. ಜೇಬಿನಿಂದ ಬಲಗೈ ತೆಗೆದು ನೋಡಿಕೊಂಡಳು, ಯಾರದೋ ಕೈ ನೋಡಿದ ಹಾಗೆ. "ಇದು ಹಳೇದೇ ಅಲ್ವಾ? ಅವತ್ತು ನಾನು ಬಿಟ್ಟೆ ಅಂತಲೇ ಅನ್ಕೊಂಡಿದ್ದೆ ಅಪ್ಪಾ. ನಿಜವಾಗ್ಲೂ ಅನ್ನಿಸಿತ್ತು. ಅದು ನನಗೇ ಸುಳ್ಳು ಹೇಳ್ತು. ಮತ್ತೆ ಹೇಳಿದ್ರೆ ನನಗೆ ಹೇಗೆ ಗೊತ್ತಾಗತ್ತೆ?"

ಕರ್ಟ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ತಾನು ಇಷ್ಟು ದಿನ ಒಂದು ತಪ್ಪನ್ನು ಮಾತ್ರ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದ. ಈ ಮಗು ತನ್ನ ಮೈಯ ಮಾತನ್ನೇ ನಂಬದ ಹಾಗೆ ಬೆಳೆಯುತ್ತಿದೆ, ನಾಳೆ ಯಾರು ಏನು ಹೇಳಿದರೂ ತನ್ನನ್ನು ಬಿಟ್ಟು ಅವರನ್ನು ನಂಬುತ್ತದೆ ಎಂಬುದು ಆಗ ತಿಳಿಯಿತು.

"ಬಾ ಹೊರಗೆ," ಎಂದ. "ನೀನು ಓಡ್ಸಬೇಡ. ನೋಡು, ಸಾಕು."

ಎಲ್ಲರ ಮುಂದೆ ಅವನು ಜಗಲಿಯ ಮೆಟ್ಟಿಲ ಬಳಿ ಒಂದು ಬಕೀಟು ಬೋರಲು ಹಾಕಿ ಅದರ ಮೇಲೆ ಟ್ರಕ್ಕು ಇಟ್ಟ. ಚಕ್ರಗಳು ಗಾಳಿಯಲ್ಲಿ. ಚಿಪ್ಪು ತೆಗೆದು, ಬ್ರಿಟ್ಟಾಳ ಕೈಗೆ ಎಯ್ನೊ ಸಮೇತ ಕೊಟ್ಟ. ಜಗಲಿಯ ಮೆಟ್ಟಿಲ ಮೇಲೆ ಕುಳಿತು, ರಿಮೋಟನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಪೆನ್ನಿನಿಂದ ಗುಂಡಿ ಒತ್ತಿದ.

"ಏನ್ ಭಾವ, ಪೂಜೆನಾ?" ಎಂದ ಗಾರ್ಡಿ.

ಕರ್ಟ್ ಪೆನ್ನನ್ನು ಮೆಟ್ಟಿಲ ಮೇಲಿಟ್ಟ. ಎದ್ದು ರಿಮೋಟನ್ನು ಎತ್ತಿ ಹಿಡಿದ. ಬೆರಳು ಟ್ರಿಗರಿನಿಂದ ದೂರ ಇರುವುದು ಎಲ್ಲರಿಗೂ ಕಾಣುವ ಹಾಗೆ. ಚಕ್ರ ಸುಮ್ಮನಿತ್ತು. "ಈಗ ಸೆಲ್ಲು ಸತ್ತುಹೋಯ್ತು ಅಂದ್ಕೊಳ್ಳಿ," ಎಂದು ರಿಮೋಟು ಆರಿಸಿದ.

ಒಂದು ಉಸಿರು. ಆಮೇಲೆ ಚಕ್ರಗಳು ಕಿರುಚಿದವು. ಬಕೀಟು ಗಡಗಡ ನಡುಗಿತು. ಮುಮ್ಮುವಿನ ಎರಡು ಕೈಯೂ ಕುರ್ಚಿಯ ತೋಳನ್ನು ಹಿಡಿದುಕೊಂಡವು. ನೊರೀನ್ ಒಂದು ಹೆಜ್ಜೆ ಹಿಂದೆ ಸರಿದಳು. ಕರ್ಟ್ ತಂತಿ ಕಿತ್ತ.

"ಅವತ್ತು ಆಗಿದ್ದು ಇದು," ಎಂದ. "ಹೊಸ ರಿಮೋಟು ಜೋಡ್ಸುವಾಗ ನಾನು ಹೀಗೆ ಮೊಣಕಾಲಲ್ಲಿ ಒತ್ತಿಹಿಡಿದಿದ್ದೆ. ಆಮೇಲೆ ಪರೀಕ್ಷೆ ಮಾಡ್ಲಿಲ್ಲ. ಕೆಂಪು ದೀಪ ಮಿಟುಕ್ತಿದೆ ಅಂತ ಅವಳು ಹೇಳಿದ್ಲು. ಐದು ನಿಮಿಷ ಬರತ್ತೆ ಅಂದೋನು ನಾನು. ಅವಳು ಬಿಟ್ಟಿದ್ಲು. ಬ್ರಿಟ್ಟಾ, ನೀನು ಬಿಟ್ಟಿದ್ದೆ. ನಿನ್ನ ಬೆರಳು ಸುಳ್ಳು ಹೇಳ್ಲಿಲ್ಲ."

ಗಾರ್ಡಿ ತಲೆಯಿಂದ ಟೋಪಿ ತೆಗೆದು ಅದರೊಳಗೆ ನೋಡತೊಡಗಿದ. ನೊರೀನ್‌ಳ ಮುಖ ನೋಡುವ ಧೈರ್ಯ ಕರ್ಟ್‌ಗೆ ಆಗಲಿಲ್ಲ.

ಮೊದಲು ಮಾತಾಡಿದವಳು ಬ್ರಿಟ್ಟಾ. "ಯಾವಾಗ ಗೊತ್ತಾಯ್ತು?"

"ಏನು?"

"ಇದು. ನಿಂಗೆ ಯಾವಾಗ ಗೊತ್ತಾಯ್ತು?"

ಇವತ್ತು ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೇ ಬಂತು.

"ಮೂರು ವಾರ ಆಯ್ತು."

ಹುಡುಗಿ ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದಳು. "ಗಾರ್ಡಿ ಮಾಮ ಪ್ಯಾಸ್ಟಿ ತಂದಿದ್ನಲ್ಲ, ಕಬ್ಬಿಣದ ಬೆರಳು ಅಂತ ಕರೆದ್ನಲ್ಲ. ಆಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನೀನು ಕೆಚಪ್ ಕೇಳಿದೆ."

"ಹೌದು."

ಮುಮ್ಮು ಜಗಲಿಯಿಂದ ಒಣ ದನಿಯಲ್ಲಿ ಹೇಳಿದಳು: "ಸೊಂಟ ಮುರಿದೋನು ಅಪ್ಪ, ಕ್ಷಮಾಪಣೆ ಪತ್ರ ಬರೆದೋಳು ಮಗಳು. ಚೆನ್ನಾಗಿದೆ." ಬೇರೆ ಏನನ್ನೂ ಸೇರಿಸಲಿಲ್ಲ. ಅಷ್ಟು ವರ್ಷದಲ್ಲಿ ಅತ್ತೆ ಅವನನ್ನು ಬೈದದ್ದು ಎಷ್ಟೋ ಸಲ; ಹೀಗೆ ಬೈಯದೆ ಬಿಟ್ಟದ್ದು ಅದೇ ಮೊದಲು.

"ನಾನು ಅಮ್ಮನ್ನ ಎಬ್ಬಿಸಿ ಕೂರಿಸ್ತಾ ಇದ್ದಾಗೆಲ್ಲ," ಎಂದಳು ನೊರೀನ್ ಕೊನೆಗೆ, ನಿಧಾನವಾಗಿ, "ಈ ಮಗು ಬಾಗಿಲ ಮರೆಯಲ್ಲಿ ನಿಂತು ನೋಡ್ತಿತ್ತು ಕರ್ಟ್. ಮೂರು ವಾರ. ನೀನು ಸ್ಪ್ರಿಂಗು ಬದಲಾಯ್ಸಿದೆ." ಅವಳು ಜಗಲಿ ಹತ್ತಿ ತಾಯಿಯ ಕುರ್ಚಿಯ ಹಿಂದೆ ನಿಂತಳು. ಆ ಮಾತಿನ ಉಳಿದ ಭಾಗ ಎಂದಾದರೂ ಬರುವುದಿತ್ತು, ಅವತ್ತಲ್ಲ.

ಬ್ರಿಟ್ಟಾ ಚಿಪ್ಪನ್ನು ಹುಲ್ಲಿನ ಮೇಲೆ ಇಟ್ಟಳು. "ಸರಿಯಾಗಿ ಹೇಗೆ ಮಾಡೋದು?"

"ಕೊಡು, ನಾನು…"

"ನೀನಲ್ಲ. ನಾನು. ನೀನು ಹೇಳು."

ಹೇಳಿದ. ಟ್ರಿಗರನ್ನು ಮುಂದಕ್ಕೆ ತಳ್ಳಿದರೆ ಬ್ರೇಕು. ಪರಿಚಯದ ಹೊತ್ತಿನಲ್ಲಿ ಹಾಗೆ ತಳ್ಳಿ ಹಿಡಿದರೆ, ದನಿ ಕೇಳದಾಗ ಗಾಡಿ ಬ್ರೇಕು ಹಾಕಿ ನಿಲ್ಲುತ್ತದೆ. ಅವಳು ಬಲಗೈಯಲ್ಲಿ ರಿಮೋಟು ಹಿಡಿದು ಹಚ್ಚಿ, ಗಾಡಿಯ ತಂತಿ ಸಿಕ್ಕಿಸಿ, ತೋರುಬೆರಳಿನಿಂದ ಟ್ರಿಗರನ್ನು ಮುಂದಕ್ಕೆ ತಳ್ಳಿದಳು. ಎಡಗೈಯಿಂದ ಪೆನ್ನು ಒತ್ತಿದಳು. ಬಕೀಟಿನ ಮೇಲೆ ಚಕ್ರ ಓಡಿಸಿ, ರಿಮೋಟು ಆರಿಸಿ ಪರೀಕ್ಷೆ ಮಾಡಿದಳು. ಒಂದು ಸಲ, ಎರಡು ಸಲ, ಮೂರು ಸಲ. ಮೂರು ಸಲವೂ ಚಕ್ರ ಟಕ್ಕನೆ ನಿಂತಿತು. ವೇಗದ ತಿರುಗುಗುಂಡಿಯನ್ನು ಅರ್ಧದಿಂದ ಪೂರಾ ತಿರುಗಿಸಿದಳು. ಚಿಪ್ಪು ಮುಚ್ಚಿ, ಟ್ರಕ್ಕನ್ನು ಎತ್ತಿಕೊಂಡು ಹಿತ್ತಿಲ ಆ ತುದಿಗೆ ನಡೆದು ಅಲ್ಲಿ ಇಟ್ಟಳು.

"ಅಲ್ಲಿ ನಿಂತ್ಕೋ," ಎಂದಳು.

"ಎಲ್ಲಿ?"

"ಮುಮ್ಮು ನಿಂತಿದ್ದಲ್ಲಿ. ಮೂರನೇ ಕಲ್ಲು."

"ಬ್ರಿಟ್ಟಾ!" ಎಂದಳು ನೊರೀನ್.

"ನಿಲ್ಲಲಿ ಬಿಡು," ಎಂದಳು ಮುಮ್ಮು.

ಕರ್ಟ್ ಹೋಗಿ ಮೂರನೆಯ ಕಲ್ಲಿನ ಮೇಲೆ ನಿಂತ. ಹಿಂದೆ ಸೌನಾದ ಮೆಟ್ಟಿಲು, ಅದರ ಅಂಚಿನಲ್ಲಿ ಇನ್ನೂ ಕೆಂಪು ಬಣ್ಣದ ಗೀರು. ಆ ತುದಿಯಲ್ಲಿ ಟ್ರಕ್ಕು ಅವನ ಕಡೆ ಮುಖ ಮಾಡಿತ್ತು. ಎಯ್ನೊ ಟೋಪಿಯ ಕೆಳಗಿನಿಂದ ನೋಡುತ್ತಿದ್ದ. ಬ್ರಿಟ್ಟಾ ಟ್ರಿಗರನ್ನು ಪೂರಾ ಎಳೆದಳು.

ಅದು ಹುಲ್ಲು ಕಿತ್ತು ಎರಚುತ್ತಾ ಬಂತು. ಇಷ್ಟು ಜೋರಾಗಿ ಓಡುತ್ತದೆ ಎಂದು ಎದುರು ನಿಲ್ಲುವ ತನಕ ಕರ್ಟ್‌ಗೆ ಗೊತ್ತಿರಲಿಲ್ಲ. ಮೈಯ ಒಂದೊಂದು ಕೀಲೂ ಪಕ್ಕಕ್ಕೆ ಹಾರು ಎಂದಿತು. ಹಾರಿದರೆ, ಅವಳು ಸರಿಮಾಡಿದ್ದನ್ನು ತಾನು ನಂಬಲಿಲ್ಲ ಎಂದಾಗುತ್ತದೆ. ಅವನು ಮಗಳ ಕೈಯನ್ನೇ ನೋಡಿದ. ಅರ್ಧ ದಾರಿಯಲ್ಲಿ ಬೆರಳು ಟ್ರಿಗರ್ ಬಿಟ್ಟು ಮೇಲೆ ಹೋಗಿ ರಿಮೋಟು ಆರಿಸಿತು.

ಒಂದು ಉಸಿರಿನಷ್ಟು ಹೊತ್ತು ಗಾಡಿ ಅದೇ ವೇಗದಲ್ಲಿ ಬಂತು. ಆಮೇಲೆ ಮೂಗು ನೆಲಕ್ಕೆ ಕುಟ್ಟಿ, ಹಿಂದಿನ ಚಕ್ರ ಎತ್ತಿ, ಜಾರಿ, ಅಡ್ಡ ತಿರುಗಿ ನಿಂತಿತು. ಅವನ ಬೂಟಿಗೂ ಅದಕ್ಕೂ ನಡುವೆ ಒಂದು ಗೇಣು. ಎಯ್ನೊನ ಟೋಪಿ ಮಾತ್ರ ಹಾರಿ ಬಂದು ಅವನ ಬೂಟಿನ ಮೇಲೆ ಬಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬ್ರಿಟ್ಟಾ ತನ್ನ ಬೆರಳನ್ನು ಒಮ್ಮೆ ಮಡಚಿ, ಬಿಚ್ಚಿ ನೋಡಿಕೊಂಡಳು. ನಡೆದು ಬಂದು, ಅಪ್ಪನ ಮುಖ ನೋಡದೆ, ಅವನ ಬೂಟಿನ ಮೇಲಿನ ಟೋಪಿ ಎತ್ತಿ ಎಯ್ನೊನ ತಲೆಗೆ ಹಾಕಿದಳು. ಟ್ರಕ್ಕನ್ನು ಎತ್ತಿಕೊಂಡು ಮತ್ತೆ ಆ ತುದಿಗೆ ಹೋದಳು.

"ಇನ್ನೊಂದ್ಸಲ," ಎಂದಳು.

ಕರ್ಟ್ ಕಲ್ಲಿನ ಮೇಲೆ ಕಾಲು ಸರಿಯಾಗಿ ಊರಿ ನಿಂತ.